ಮರೆಯಲ್ಲಿ ಕುಡಿದ ನೀರು

ಸುದ್ದಿ ಬಂದ ಬೆಳಿಗ್ಗೆ ನಮ್ಮ ಲಾಂಡ್ರಿಯ ಯಂತ್ರಗಳೆಲ್ಲ ಓಡುತ್ತಿದ್ದವು. ಆ ಗದ್ದಲದಲ್ಲಿ ಟೆಲಿಫೋನು ಎಷ್ಟು ಹೊತ್ತಿನಿಂದ ಹೊಡೆದುಕೊಳ್ಳುತ್ತಿತ್ತೋ ತಿಳಿಯದು. ಕೊನೆಗೆ ನಾನೇ ಕೋಲೂರಿಕೊಂಡು ಹೋಗಿ ಎತ್ತಿದೆ. ಮಾತಾಡಿದವಳು ನಾವು ಬಟ್ಟೆ ಒಗೆದುಕೊಡುವ ಹೋಟೆಲಿನ ಮೇಲ್ವಿಚಾರಕಿ. ದಿಂಬಿನ ಕವರುಗಳು ಕಡಿಮೆ ಬಂದಿವೆ ಎಂಬ ತಕರಾರು ಬಗೆಹರಿಸಲು ನನ್ನ ತಂಗಿಯ ಮಗಳು ಅಲ್ಲಿಗೆ ಹೋಗಿದ್ದಳು. ಹಿಂಬದಿಯ ಮೆಟ್ಟಿಲಿಳಿಯುವಾಗ ತಲೆ ಒಂದು ಥರಾ ಆಗ್ತಿದೆ ಎಂದು ಕುಳಿತಳಂತೆ. ಕುಳಿತವಳು ಏಳಲಿಲ್ಲ. ವೈದ್ಯರು ಬಂದು ನೋಡಿ, ಎಲ್ಲ ಮುಗಿದಿದೆ ಎಂದರಂತೆ. ಯಂತ್ರಗಳ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸದೆ, ಆ ಹೆಂಗಸಿನಿಂದ ಆ ಮಾತನ್ನು ಎರಡು ಸಲ ಹೇಳಿಸಿದೆ. ಎರಡನೆಯ ಸಲ ಹೇಳುವಾಗ ಅವಳೂ ಅಳುತ್ತಿದ್ದಳು.

ಸತ್ತವಳನ್ನು ನಮ್ಮಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು ಕೂಡ ಹಾಗೇ ಅನ್ನುತ್ತಿದ್ದರು. ಲಾಂಡ್ರಿ ನಾನು ಕಟ್ಟಿದ್ದು. ನನ್ನ ಕಾಲು ಸೋತ ಮೇಲೆ ಅವಳ ಕೈಗೊಪ್ಪಿಸಿ, ನಾನೂ ನನ್ನ ಹೆಂಡತಿಯೂ ಅದರ ಮೇಲಿನ ಮನೆಯಲ್ಲಿ ಅವಳ ಸಂಸಾರದ ಜೊತೆಯಲ್ಲೇ ಇದ್ದೆವು. ಅವಳ ಗಂಡ, ನಮ್ಮ ಅಳಿಯ, ವ್ಯಾನು ಓಡಿಸುತ್ತಿದ್ದ. ಅವಳ ಒಬ್ಬನೇ ತಮ್ಮ ಒಗೆದ ಬಟ್ಟೆ ಮಡಿಚುವ ಮೇಜಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ.

ಈ ತಮ್ಮನನ್ನು ನಾವೆಲ್ಲ ಗುಂಡ ಎನ್ನುತ್ತಿದ್ದೆವು. ಚಿಕ್ಕಂದಿನಿಂದಲೂ ಮೈ ದಪ್ಪ. ಕುರ್ಚಿಯ ಮೇಲೆ ಕೂರುವ ಮೊದಲು ಅದನ್ನು ಕೈಯಿಂದ ಒತ್ತಿ ನೋಡುವ ಅಭ್ಯಾಸ ಅವನಿಗೆ. ಯಾರಾದರೂ ಗುಂಡ ಎಂದು ಕೂಗಿದರೆ ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ. ಮದುವೆಯಾಗಿರಲಿಲ್ಲ. ಈಚೆಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತೆಂದು ಕೆಲವು ದಿನ ಆಸ್ಪತ್ರೆಯಲ್ಲಿದ್ದು ಬಂದ. ಬಂದ ಮೇಲೆ ವಾರ ವಾರಕ್ಕೂ ಇಳಿಯತೊಡಗಿದ. ಪ್ಯಾಂಟಿನ ಸೊಂಟವನ್ನು ಹೊಲಿಸಿ, ಮತ್ತೆ ಹೊಲಿಸಿ ಸಾಕಾಯಿತು.

ಹರಿದ ಬಟ್ಟೆ ಹೊಲಿಯಲು ನಮ್ಮಲ್ಲಿ ಒಬ್ಬ ಹೆಂಗಸಿದ್ದಾಳೆ. ಮಾತು ನಿಲ್ಲಿಸುವ ಗುಂಡಿಯೇ ಇಲ್ಲವೆಂದು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಆ ಸೊಂಟ ಹೊಲಿದವಳು ಅವಳೇ. "ಗುಂಡ, ನಿನ್ನ ಹೊಟ್ಟೇಲಿ ಇದ್ದಿದ್ದು ಕಲ್ಲೋ, ಬಂಡೆಯೋ? ತೆಗೆದ ಮೇಲೆ ಅರ್ಧ ಆಳೇ ಇಲ್ವಲ್ಲೋ!" ಎಂದು ಅವಳು ಕೇಳಿದಾಗ ಇಡೀ ಲಾಂಡ್ರಿ ನಕ್ಕಿತ್ತು. ಗುಂಡನೂ ನಕ್ಕಿದ್ದ. ಅಕ್ಕ ಮಾತ್ರ ನಗಲಿಲ್ಲ. "ಸೂಜಿ ಕಡೆ ನೋಡಮ್ಮ, ಬೆರಳು ಚುಚ್ಚಿಕೊಂಡೀಯ" ಎಂದಿದ್ದಳು.

ನಾನು ಹೋಗಿ ಸುದ್ದಿ ಹೇಳಿದಾಗ ಗುಂಡ ಬೆಡ್‌ಶೀಟಿನ ಒಂದು ಕೊನೆ ಹಿಡಿದು ನಿಂತಿದ್ದ. ಅಕ್ಕ ಇಲ್ಲದ್ದರಿಂದ ಅಂದು ಇನ್ನೊಂದು ಕೊನೆ ಹಿಡಿದಿದ್ದವಳು ರೇಡಿಯೋ. ಅವಳು ಶೀಟು ಬಿಟ್ಟು ಎದೆ ಬಡಿದುಕೊಂಡಳು. ಗುಂಡ ಬಿಡಲಿಲ್ಲ. ಅರ್ಧ ನೆಲಕ್ಕೆ ಬಿದ್ದ ಶೀಟನ್ನು ಹಾಗೇ ಹಿಡಿದುಕೊಂಡು, "ಯಾರು? ಯಾರು ಮಾವ?" ಎಂದು ಕೇಳುತ್ತಲೇ ಇದ್ದ. ಅಳಿಯ ವ್ಯಾನಿನಿಂದ ಓಡಿ ಬಂದ. ಯಾರ ಮುಖವನ್ನೂ ನೋಡದೆ, "ಎಲ್ಲಾ ಆಫ್ ಮಾಡಿ" ಎಂದ. ಒಂದೊಂದೇ ಯಂತ್ರ ನಿಂತಿತು. ಒಳಗಿದ್ದ ನೀರು ಕೊಳವೆಯಲ್ಲಿ ಇಳಿದು ಹೋಗುವ ಸದ್ದು ಮಾತ್ರ ತುಂಬ ಹೊತ್ತು ಕೇಳಿಸಿತು.

ಮಧ್ಯಾಹ್ನ ಅವಳನ್ನು ಮನೆಗೆ ತಂದರು. ಮುಂದಿನ ಕೋಣೆಯಲ್ಲಿ ಮಲಗಿಸಿದೆವು. ಜನ ಬಂದರು, ಹೋದರು. ನನ್ನ ಹೆಂಡತಿ ಟೀ ಕಾಯಿಸಿ ಕಾಯಿಸಿ ಕಳಿಸುತ್ತಿದ್ದಳು. ಗುಂಡ ಅಕ್ಕನ ಕಾಲ ಬಳಿ ಗೋಡೆಗೊರಗಿ ಕುಳಿತಿದ್ದ. ಟೀ ಬಂದಾಗಲೂ ನೀರು ಬಂದಾಗಲೂ ಬೇಡವೆಂದು ತಲೆಯಾಡಿಸುತ್ತಿದ್ದ. ಅದನ್ನು ಮೊದಲು ಕಂಡವಳು ರೇಡಿಯೋ.

"ನೋಡ್ರೀ, ಬೆಳಗಿಂದ ಒಂದು ತೊಟ್ಟು ನೀರು ಗಂಟಲಲ್ಲಿ ಇಳಿಸಿಲ್ಲ. ಅಕ್ಕ ಅಂದ್ರೆ ಜೀವ ಅವನಿಗೆ. ಒಡಹುಟ್ಟಿದೋರು ಅಂದ್ರೆ ಹೀಗಿರಬೇಕು. ನಮ್ಮನೇಲೂ ಇದ್ದಾನೆ ಒಬ್ಬ ತಮ್ಮ, ನಾನು ಸತ್ತ ದಿನ ಊಟಕ್ಕೇನು ಅಂತ ಕೇಳ್ತಾನೆ."

ರೇಡಿಯೋ ಹೇಳಿದ ಮೇಲೆ ಕೇಳಬೇಕೆ? ಸಂಜೆಯೊಳಗೆ ಬೀದಿಯ ಕೊನೆಯವರೆಗೆ ಆ ಮಾತು ಹೋಗಿತ್ತು. ಬಂದವರು ಮೊದಲು ಅಕ್ಕನ ಮುಖ ನೋಡುವರು, ಆಮೇಲೆ ಗುಂಡನ ಮುಖ ನೋಡುವರು. ಕೆಲವರು ಅವನ ಹೆಗಲು ಮುಟ್ಟಿ ಹೋದರು. ಅವನು ತಲೆ ತಗ್ಗಿಸಿಕೊಂಡೇ ಇದ್ದ. ಆ ತಲೆ ತಗ್ಗಿಸಿದ್ದನ್ನು ಕಂಡು ಜನ ಇನ್ನಷ್ಟು ಮರುಗಿದರು.

ಅಳಿಯ ಆ ಹೊತ್ತಿಗೆ ಅಡುಗೆಮನೆಯಲ್ಲಿ ನಿಂತು ಸೂಪು ಕುಡಿಯುತ್ತಿದ್ದ. ಹೋಟೆಲು, ಆಸ್ಪತ್ರೆ, ಕಚೇರಿ ಎಂದು ಬೆಳಗಿನಿಂದ ಅಲೆದವನು. ಬಾಗಿಲಾಚೆ ಯಾರೋ ಇಬ್ಬರು ಗುಂಡನ ವಿಚಾರ ಆಡಿಕೊಳ್ಳುತ್ತಿದ್ದುದು ಅವನ ಕಿವಿಗೆ ಬಿತ್ತು. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟನಂತೆ. ನನ್ನ ಹೆಂಡತಿ ಆಮೇಲೆ ನನಗೆ ಹೇಳಿದಳು.

ಮರುದಿನ ಅಂತ್ಯಕ್ರಿಯೆ. ಬಿಸಿಲು ಬಲವಾಗಿತ್ತು. ಹೆಗಲು ಕೊಟ್ಟವರಲ್ಲಿ ಗುಂಡನೂ ಇದ್ದ. ನಡುದಾರಿಯಲ್ಲಿ ಅವನ ಕಾಲು ತೊಡರಿತು. ಪಕ್ಕದವರು ಹಿಡಿದುಕೊಂಡರು. "ದುಃಖಕ್ಕೆ ಕಣ್ಣು ಕತ್ತಲೆ ಬಂದಿದೆ" ಎಂದರು. ಯಾರೋ ನೀರಿನ ಬಾಟಲಿ ಮುಂದೆ ಹಿಡಿದರೆ ಇನ್ಯಾರೋ, "ಬಲವಂತ ಮಾಡ್ಬೇಡಿ, ಅವನು ಕುಡಿಯಲ್ಲ" ಎಂದು ಅದನ್ನು ತಾವೇ ಹಿಂದಕ್ಕೆ ತಳ್ಳಿದರು.

ಹಿಂತಿರುಗಿ ಬಂದ ಮೇಲೆ ಗುಂಡ ಕಾಣಲಿಲ್ಲ. ಹುಡುಕುತ್ತ ಕೆಳಗಿಳಿದೆ. ಒಗೆಯಲು ಬಂದ ಬಟ್ಟೆಗಳನ್ನು ಹಾಕುವ ಕೋಣೆಯಲ್ಲಿ, ಹೋಟೆಲಿನ ಟವೆಲುಗಳ ರಾಶಿಯ ಮೇಲೆ ಮಲಗಿದ್ದ. ತುಟಿ ಬಿರಿದು ರಕ್ತ ಒಸರಿತ್ತು. ಕಣ್ಣು ಒಳಕ್ಕೆ ಹೋಗಿತ್ತು. ಮಾತಾಡಿಸಿದರೆ ನಾಲಗೆ ಅಂಗುಳಕ್ಕೆ ಅಂಟಿಕೊಂಡು ಮಾತು ತೊದಲುತ್ತಿತ್ತು. ಒಂದೇ ಮನೆಯಿಂದ ಎರಡನೆಯ ಹೆಣ ಹೊರಡಬೇಕೆ ದೇವರೇ ಎಂದುಕೊಂಡು, ಕೈಗೆ ಸಿಕ್ಕ ದೊಡ್ಡ ಲೋಟದ ತುಂಬ ನಲ್ಲಿಯಿಂದ ನೀರು ಹಿಡಿದು ತಂದೆ.

"ಏಳು. ಕುಡಿ. ಉಪವಾಸ ಸಾಕು. ಹೋದವಳು ಇದನ್ನು ಕೇಳಿಲ್ಲ."

ಹಿರಿಯನ ಮಾತು ಮೀರಬಾರದೆಂದೋ, ಒಳಗಿನ ದಾಹವೋ, ಅವನು ಲೋಟ ಕಸಿದುಕೊಂಡು ಗಟಗಟನೆ ಕುಡಿದ. ಎರಡು ಗುಕ್ಕು ಇಳಿದಿರಬಹುದು. ಎದೆ ಹಿಡಿದುಕೊಂಡು ಮುದುಡಿದ. ಕುಡಿದದ್ದೆಲ್ಲ ಟವೆಲುಗಳ ಮೇಲೆ ವಾಪಸು ಬಂತು. ನಾನು ಹೆದರಿ ಹೆಂಡತಿಯನ್ನು ಕೂಗಹೋದೆ. ಅವನು ನನ್ನ ಪಂಚೆಯ ಅಂಚು ಹಿಡಿದುಕೊಂಡ.

"ಯಾರನ್ನೂ ಕರೀಬೇಡಿ ಮಾವ. ಬಾಗಿಲು ಹಾಕಿ."

ಹಾಕಿದೆ.

"ಉಪವಾಸ ಅಲ್ಲ ಮಾವ. ಕಲ್ಲೂ ಅಲ್ಲ. ನನ್ನ ಹೊಟ್ಟೇನೇ ಕತ್ತರಿಸಿದಾರೆ. ತೂಕ ಇಳಿಯೋಕೆ. ಬಾಳೆಹಣ್ಣಿನಷ್ಟು ಉಳಿಸಿದಾರೆ, ಅಷ್ಟೇ. ಗಟಗಟ ಕುಡಿಯೋ ಹಾಗಿಲ್ಲ. ಊಟದ ಜೊತೆ ಕುಡಿಯೋ ಹಾಗಿಲ್ಲ. ಒಂದೊಂದೇ ಗುಟುಕು, ಇಡೀ ದಿನ ಕುಡೀತಾನೇ ಇರಬೇಕು. ಬಾಯಾರೋ ತನಕ ಕಾಯಬೇಡ, ಕಾದ್ರೆ ಆಗ್ಲೇ ತಡ ಅಂತ ಡಾಕ್ಟ್ರು ಹೇಳಿದ್ರು."

"ನಮಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಊರೋರೆಲ್ಲ ಬಾಯಿ ಕಟ್ಟಿ ಸಣ್ಣ ಆಗ್ತಾರೆ, ಇವನಿಗೆ ಅದೂ ಕೈಲಾಗದೆ ಹೊಟ್ಟೆ ಕತ್ತರಿಸಿಕೊಂಡ ಅಂತಾರೆ. ಗುಂಡ ಅಂತ ಕರೆದ್ರೆ ನಗಬಹುದು ಮಾವ, ಅಭ್ಯಾಸ ಆಗಿದೆ. ಇದಕ್ಕೆ ನಗೋದು ನನ್ನಿಂದ ಆಗಲ್ಲ. ಅಕ್ಕನಿಗೆ ಮಾತ್ರ ಗೊತ್ತಿತ್ತು. ಭಾವನಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದೆ."

ಮಡಿಚುವ ಮೇಜಿನ ಹತ್ತಿರ ಯಾರೂ ನೀರು ತರಬಾರದೆಂಬುದು ನಮ್ಮ ಲಾಂಡ್ರಿಯ ಕಟ್ಟುನಿಟ್ಟು. ಇಸ್ತ್ರಿಯಾದ ಬಟ್ಟೆಯ ಮೇಲೆ ಒಂದು ಹನಿ ಬಿದ್ದರೂ ಕಲೆ ಏಳುತ್ತದೆ, ಮತ್ತೆ ಒಗೆಯಬೇಕು. ಬಿಡುವಾದಾಗ ಹೊರಗೆ ಹೋಗಿ ಹೊಟ್ಟೆ ತುಂಬ ಕುಡಿದು ಬರುವುದು ಎಲ್ಲರ ರೂಢಿ. ಆ ಬಿಸಿ ಹಬೆಯಲ್ಲಿ ದುಡಿಯುವವರಿಗೆ ಒಂದು ಚೊಂಬು ಒಂದೇ ಉಸಿರಿಗೆ ಖಾಲಿ. ಗುಂಡನಿಗೆ ಅದು ಸಾಧ್ಯವಿರಲಿಲ್ಲ. ಪದೇ ಪದೇ ಹೊರಗೆ ಹೋದರೆ ಯಾಕೆಂದು ಕೇಳುವರು. ಅದಕ್ಕೆ ಅಕ್ಕ ಒಂದು ಉಪಾಯ ಮಾಡಿದ್ದಳಂತೆ.

ದೊಡ್ಡ ಶೀಟನ್ನು ಇಬ್ಬರು ಮಡಿಚಬೇಕು. ಆಚೆ ಈಚೆ ಹಿಡಿದು ಜಾಡಿಸಿ, ಒಬ್ಬರ ಕಡೆಗೆ ಒಬ್ಬರು ನಡೆದು ಬಂದು, ಮೂಲೆಗೆ ಮೂಲೆ ಸೇರಿಸಬೇಕು. ಹಾಗೆ ಎದುರುಬದುರಾದಾಗ ಅಕ್ಕ ನಾಲ್ಕೂ ಮೂಲೆಗಳನ್ನು ತಾನೇ ಹಿಡಿದು ಶೀಟನ್ನು ತಲೆಯ ಮೇಲಕ್ಕೆ ಎತ್ತುವಳು, ಸುಕ್ಕು ನೋಡುವವಳ ಹಾಗೆ. ಆ ಮರೆಯಲ್ಲಿ ಗುಂಡ ಅಂಗಿಯೊಳಗಿನ ಪುಟ್ಟ ಬಾಟಲಿ ತೆಗೆದು ಒಂದು ಗುಟುಕು ಕುಡಿಯುವನು. ಶೀಟಿಗೊಂದು ಗುಟುಕು. ಶೀಟುಗಳಿಗೆ ಬರವೇ? ಸಂಜೆಯ ಹೊತ್ತಿಗೆ ವೈದ್ಯರು ಹೇಳಿದಷ್ಟೂ ನೀರು ಒಳಗೆ ಹೋಗಿರುತ್ತಿತ್ತು.

"ಕಳ್ಳ, ಬೇಗ ಕುಡಿಯೋ, ರೇಡಿಯೋ ಈ ಕಡೆ ತಿರುಗ್ತಿದೆ ಅಂತ ಅಕ್ಕ ಪಿಸುಗುಟ್ಟೋಳು ಮಾವ. ನಗು ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ ನಮಗೆ." ಗುಂಡ ಟವೆಲಿನಲ್ಲಿ ಮುಖ ಒತ್ತಿಕೊಂಡ. "ಅವತ್ತು ಆ ತುದಿಗೆ ರೇಡಿಯೋ ನಿಂತಿದ್ಲು. ಅಕ್ಕ ಬರಲಿ, ಆಮೇಲೆ ಕುಡಿದ್ರಾಯ್ತು ಅಂತ ಕಾದೆ."

ನಾನು ಕೋಲು ಪಕ್ಕಕ್ಕಿಟ್ಟು ಅವನ ಬಳಿ ಕುಳಿತೆ.

"ಆ ದಿನ ನೀರಿನ ನೆನಪೇ ಬರಲಿಲ್ಲ. ನೆನಪು ಬರೋ ಹೊತ್ತಿಗೆ ಎಲ್ರೂ ಹೊಗಳೋಕೆ ಶುರು ಮಾಡಿದ್ರು. ಎಂಥ ತಮ್ಮ, ಎಂಥ ತಮ್ಮ ಅಂತ. ಅವರ ಮುಂದೆ ಹಾಲು ಕುಡಿಯೋ ಮಗು ಥರ ಆ ಬಾಟ್ಲಿ ಹೇಗೆ ತೆಗೀಲಿ? ಕೈ ಅಂಗಿ ತನಕ ಹೋಗೋದು, ವಾಪಸ್ ಬರೋದು. ರಾತ್ರಿಯೆಲ್ಲಾ ಪಕ್ಕದಲ್ಲಿ ಯಾರಾದ್ರೂ ಇದ್ದೇ ಇರೋರು. ನನ್ನಕ್ಕ ಸತ್ತು ಮಲಗಿದಾಳೆ, ನಾನು ನನ್ನ ಮಾನದ ಯೋಚನೆ ಮಾಡ್ತಾ ಕೂತಿದ್ದೆ ಮಾವ."

ಹತ್ತಿರದ ಚಿಕಿತ್ಸಾಲಯಕ್ಕೆ ಅವನನ್ನು ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ಚಿಕ್ಕವಳಾದ ವೈದ್ಯೆ ಅವನ ಕೈಯ ಚರ್ಮ ಎತ್ತಿ ಬಿಟ್ಟು ನೋಡಿದಳು, ಮೂತ್ರದ ಬಣ್ಣ ಕೇಳಿದಳು, ಕೂಡಲೇ ರಕ್ತನಾಳಕ್ಕೆ ಡ್ರಿಪ್ ಹಾಕಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿತ್ತು ಎಂದಳು. ಮನೆಯಲ್ಲಿ ಸಾವಾಗಿದೆ ಎಂದು ನಾನು ತಿಳಿಸಿದಾಗ ಅವಳ ದನಿ ಮೆತ್ತಗಾಯಿತು. "ಅಳಿ, ಬೇಡ ಅನ್ನಲ್ಲ. ಆದ್ರೆ ನೀರು ಕುಡೀತಾ ಅಳಿ" ಎಂದಳು ಅವನಿಗೆ.

ನಾವಿಬ್ಬರೂ ಎಲ್ಲಿ ಹೋದೆವೆಂದು ಕೇಳಿದವರಿಗೆ ನನ್ನ ಹೆಂಡತಿ ನಿಜ ಗೊತ್ತಿಲ್ಲದೆ, ಇವರ ಕಾಲುನೋವಿಗೆ ಡಾಕ್ಟರ ಹತ್ತಿರ ಹೋಗಿರಬೇಕು ಎಂದಿದ್ದಳು. ಸಂಜೆ ನಾವು ಬಂದಾಗ ರೇಡಿಯೋ ಬಾಗಿಲಲ್ಲೇ ಇದ್ದಳು. "ತಾನು ಇಂಥ ಸ್ಥಿತೀಲಿದ್ರೂ ಮಾವನ ಕಾಲು ನೋಡಿಸ್ಕೊಂಡು ಬಂದನಲ್ಲ! ಇವನ ಕಾಲಿನ ಧೂಳು ತಗೋಬೇಕು ಕಣ್ರೀ ಯಜಮಾನ್ರೇ." ಗುಂಡ ಡ್ರಿಪ್ಪಿನ ಪಟ್ಟಿ ಕಾಣದಂತೆ ಅಂಗಿಯ ತೋಳು ಕೆಳಗೆಳೆದುಕೊಂಡು ಒಳಗೆ ಓಡಿದ. ಭೂಮಿ ಬಾಯಿ ಬಿಟ್ಟಿದ್ದರೆ ಅವನು ಆ ಹೊತ್ತು ಇಳಿದುಹೋಗುತ್ತಿದ್ದ.

ಅವನಿಗೆ ನಾನು ಮಾತು ಕೊಟ್ಟಿದ್ದೆ, ಯಾರಿಗೂ ಹೇಳುವುದಿಲ್ಲವೆಂದು. ಬಟ್ಟೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವನು ಗುಟುಕು ಗುಟುಕಾಗಿ ಕುಡಿಯತೊಡಗಿದ. ಸದ್ಯಕ್ಕೆ ಜೀವ ಉಳಿಯಿತೆಂದು ದೇವರಿಗೆ ಕೈಮುಗಿದೆ. ಆದರೆ ಮಾರನೆಯ ಬೆಳಿಗ್ಗೆ ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಅಳಿಯಂದಿರು ಮೊನ್ನೆ ಸಂಜೆಯಿಂದ ಏನೂ ಮುಟ್ಟಿಲ್ಲ. ಸಕ್ಕರೆ ಕಾಯಿಲೆ ಮಾತ್ರೆ ನುಂಗೋರು ಅವರು. ಕೇಳಿದ್ರೆ ಮಾತೇ ಆಡಲ್ಲ. ನೀವಾದ್ರೂ ಹೋಗಿ ನೋಡಿ."

ಅಳಿಯ ನಿಲ್ಲಿಸಿದ್ದ ವ್ಯಾನಿನಲ್ಲಿ, ಸ್ಟೀರಿಂಗಿನ ಮೇಲೆ ಕೈಯಿಟ್ಟು ಕುಳಿತಿದ್ದ. ಕೈ ನಡುಗುತ್ತಿತ್ತು. ಹಣೆಯ ಮೇಲೆ ಬೆವರು. ನಾನು ಪಕ್ಕದ ಸೀಟಿಗೆ ಹತ್ತಿ ಕುಳಿತೆ.

"ಏನಪ್ಪಾ ಇದು? ಒಂದು ತುತ್ತು ತಿನ್ನಬಾರದೇ?"

"ತಿಂದೆನಲ್ಲ ಮಾವ, ಅವತ್ತೇ ತಿಂದೆ." ಅವನು ಮುಂದಿನ ಗಾಜನ್ನೇ ನೋಡುತ್ತಿದ್ದ. "ಅವಳು ಮುಂದಿನ ರೂಮಲ್ಲಿ ಮಲಗಿದ್ಲು. ನಾನು ಅಡುಗೆಮನೇಲಿ ನಿಂತು ಸೂಪು ಕುಡಿದೆ. ಅತ್ತೆಗೆ ಇನ್ನೊಂದು ಸ್ವಲ್ಪ ಹಾಕಿ ಅಂದೆ. ಇನ್ನೊಂದು ಸ್ವಲ್ಪ ಅಂದೆ ಮಾವ! ಆಚೆ ಗುಂಡ ಬಾಯಿಗೆ ಹನಿ ನೀರು ತಾಗಿಸದೆ ಕೂತಿದಾನೆ. ಇಷ್ಟು ವರ್ಷ ಸಂಸಾರ ಮಾಡಿದೋನು ನಾನು. ಜನ ಅವನನ್ನ ಹೊಗಳುವಾಗ ನನ್ನ ಕಡೆ ನೋಡಲ್ಲ, ಗೊತ್ತಾ? ನೋಡದೇ ಇರೋದರಲ್ಲೇ ಎಲ್ಲಾ ಗೊತ್ತಾಗುತ್ತೆ."

"ಯಾರೂ ಹಾಗೆ ಅಂದುಕೊಂಡಿಲ್ಲ."

"ನಾನು ಅಂದುಕೊಂಡಿದೀನಲ್ಲ. ಗುಂಡ ನೀರು ಕುಡಿಯೋ ತನಕ ನಾನೂ ಏನೂ ಮುಟ್ಟಲ್ಲ."

ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು ಇಳಿದೆ. ಕೊಟ್ಟ ಮಾತು ದೇವರ ಮುಂದೆ ಕೊಟ್ಟ ಹಾಗೆ ಎಂದು ನಂಬಿದವನು ನಾನು. ನೇರವಾಗಿ ಗುಂಡನ ಬಳಿ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ಅವನ ಮುಖ ಬಿಳಿಚಿತು.

"ನಾನು ಬಾಯಿ ಬಿಡುವುದಿಲ್ಲ ಗುಂಡ. ಆದರೆ ಆ ಮನುಷ್ಯ ನಿನ್ನ ಹೆಸರಿನಲ್ಲಿ ಸಾಯುತ್ತಿದ್ದಾನೆ."

ಅವನು ಅಂಗಿಯೊಳಗಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದ. ಆಮೇಲೆ, "ಭಾವನ ಮುಂದೆ ಕುಡಿದ್ರೆ ಸಾಕಲ್ವಾ ಮಾವ? ಯಾಕೆ ಅಂತ ಹೇಳ್ಲೇಬೇಕಾ?" ಎಂದ. ಕುಡಿ, ಅಷ್ಟಾದರೂ ಆಗಲಿ ಎಂದೆ.

ಅಂದು ಹತ್ತು ಗಂಟೆಗೆ ಪ್ರಾರ್ಥನೆ ಇಟ್ಟುಕೊಂಡಿದ್ದೆವು. ಮನೆಯಲ್ಲಿ ಜಾಗ ಸಾಲದೆಂದು ಕೆಳಗೆ, ಮಡಿಚುವ ಮೇಜುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಜಮಖಾನ ಹಾಸಿ ಕುಳಿತೆವು. ಕೆಲಸದವರು, ನೆರೆಯವರು, ಹೋಟೆಲಿನ ಆ ಮೇಲ್ವಿಚಾರಕಿ, ಎಲ್ಲರೂ ಬಂದಿದ್ದರು. ಅಳಿಯನನ್ನು ಇಬ್ಬರು ತೋಳು ಹಿಡಿದು ಕರೆತಂದರು.

ಮನೆಯ ಹಿರಿಯನಾಗಿ ನಾನು ಪ್ರಾರ್ಥನೆ ಆರಂಭಿಸುವ ಮೊದಲೇ ಗುಂಡ ಎದ್ದು ಬಂದು ಅಳಿಯನ ಮುಂದೆ ಕುಳಿತ. ಕೈಯಲ್ಲಿ ಲೋಟ.

"ಭಾವ, ನಾನು ಕುಡೀತಿದೀನಿ. ನೋಡಿ. ನೀವೂ ಊಟ ಮಾಡಿ."

ಎಲ್ಲರ ಕಣ್ಣೂ ಅವನ ಮೇಲೆ. ಅವನು ಲೋಟವನ್ನು ತುಟಿಗಿಟ್ಟು ಒಂದು ಗುಟುಕು ಒಳಗೆಳೆದುಕೊಂಡು ನಿಲ್ಲಿಸಿದ. ಕಾದ. ಮತ್ತೊಂದು ಗುಟುಕು. ಮತ್ತೆ ನಿಲ್ಲಿಸಿದ. ಲೋಟದಲ್ಲಿ ನೀರು ಇಳಿದದ್ದೇ ಕಾಣಲಿಲ್ಲ.

ಅಳಿಯನ ಕಣ್ಣು ತುಂಬಿತು. "ಬೇಡ ಗುಂಡ, ಬಿಡು. ನೋಡಿದ್ರಾ ಮಾವ? ಅವನಿಗೆ ಇಳೀತಾನೇ ಇಲ್ಲ. ನನ್ನ ಸಮಾಧಾನಕ್ಕೆ ತುಟಿಗೆ ತಾಗಿಸ್ತಿದಾನೆ." ಎಂದವನೇ ಲೋಟವನ್ನು ಪಕ್ಕಕ್ಕೆ ಸರಿಸಿದ. "ನಿನ್ನ ಮುಂದೆ ನಾನು ಯಾವ ಮನುಷ್ಯನಪ್ಪ?"

"ಗಂಟಲು ಕಟ್ಟಿ ಹೋಗಿದೆ ಪಾಪ, ಹನಿ ಇಳಿಯಲ್ಲ" ಎಂದು ಹಿಂದಿನಿಂದ ರೇಡಿಯೋ ಬಿಕ್ಕಿದಳು.

"ಗಂಟಲಲ್ಲ!" ಗುಂಡ ಕೂಗಿಬಿಟ್ಟ. "ಗಂಟಲು ಸರಿಯಾಗಿದೆ! ಹೊಟ್ಟೆ! ನನ್ನ ಹೊಟ್ಟೆ ಇಷ್ಟೇ ಇರೋದು!"

ಎಲ್ಲೋ ಯಾರೋ ಕಿಸಕ್ಕೆಂದರು. ಅಂಥ ಹೊತ್ತಿನಲ್ಲಿ ಬಾಯಿ ತಪ್ಪಿ ಬರುವ ನಗು ಅದು. ಗುಂಡನ ಕಿವಿ ಕೆಂಪಾಯಿತು. ಅವನು ಓಡಿಹೋಗುವನೆಂದೇ ನಾನು ತಿಳಿದೆ. ಆದರೆ ಅವನು ಎದ್ದು ನಿಂತು, ಅಂಗಿಯನ್ನು ಎದೆಯವರೆಗೆ ಎತ್ತಿದ. ಮೈಮೇಲೆ ಅಂಗಿಯಿಲ್ಲದೆ ಅವನನ್ನು ನಾನು ಅವನ ಬಾಲ್ಯದ ನಂತರ ಕಂಡಿರಲಿಲ್ಲ. ಎಂಥ ಸೆಕೆಯಲ್ಲೂ ಗುಂಡಿ ಬಿಚ್ಚಿದವನಲ್ಲ. ಇಳಿದ ಮೈಯ ಚರ್ಮ ಜೋತು ಬಿದ್ದಿತ್ತು. ಅದರ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಗಾಯದ ಗುರುತುಗಳು, ಇನ್ನೂ ಕೆಂಪಾಗಿದ್ದವು.

"ಕಲ್ಲು ಅಂತ ಸುಳ್ಳು ಹೇಳಿದ್ದೆ. ತೂಕ ಇಳಿಸೋಕೆ ಮಾಡಿಸಿಕೊಂಡಿದ್ದು ಇದು. ನಂಗೆ ಊಟ ಬಿಡೋಕೆ ಆಗಲಿಲ್ಲ, ಅದಕ್ಕೆ. ನಾನು ಗುಟುಕು ಗುಟುಕಾಗಿ ಕುಡೀಬೇಕು, ನೀವು ನೋಡ್ತೀರಿ ಅಂತ ನಾಚಿಕೆಯಾಗಿ ಕುಡೀಲಿಲ್ಲ. ಅಕ್ಕನಿಗೋಸ್ಕರ ಬಿಟ್ಟಿದ್ದಲ್ಲ. ನೀವೆಲ್ಲ ಹೊಗಳಿದ್ರಿ, ನಾನು ಸುಮ್ಮನೆ ಕೂತು ಹೊಗಳಿಸಿಕೊಂಡೆ. ನಿನ್ನೆ ಡ್ರಿಪ್ ಹಾಕಿಸಿಕೊಂಡು ಬಂದಿದೀನಿ. ಮಾವನ ಕಾಲುನೋವಿಗೆ ಹೋಗಿದ್ದು ಅನ್ನೋದೂ ಸುಳ್ಳು."

ಅಂಗಿ ಇಳಿಸುವುದು ಅವನಿಗೆ ಮರೆತೇ ಹೋಗಿತ್ತು. ನನ್ನ ಹೆಂಡತಿ ಎದ್ದು ಹೋಗಿ, ಎಳೆಮಗುವಿಗೆ ಮಾಡುವಂತೆ ಅದನ್ನು ಕೆಳಗೆ ಎಳೆದಳು.

ಅಳಿಯ ಅವನನ್ನೇ ನೋಡುತ್ತಿದ್ದ. "ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು ಭಾವ. ನಾನೇ ಹೇಳಬೇಡ ಅಂದಿದ್ದೆ."

"ನಂಗೂ ಹೇಳಲಿಲ್ಲ." ಆ ಮಾತಿನಲ್ಲಿ ನೋವಿತ್ತು. ಈಗ ಕೇಳಲು ಅವಳಿಲ್ಲವಲ್ಲ. ಅಳಿಯ ತಲೆ ಕೆಳಗೆ ಹಾಕಿದ. ಆಮೇಲೆ ಕೇಳಿದ: "ಹಾಗಾದ್ರೆ ನೀನು ಉಪವಾಸ ಮಾಡ್ತಿರ್ಲಿಲ್ಲ?"

"ಇಲ್ಲ ಭಾವ. ಅವಮಾನ ಆಗುತ್ತೆ ಅಂತ ಬಿಟ್ಟಿದ್ದು."

"ನಾನೂ ಅದಕ್ಕೇ ಕಣೋ ಬಿಟ್ಟಿದ್ದು" ಎಂದ ಅಳಿಯ. ಅವನ ಬಾಯಿಂದ ಹೊರಟದ್ದು ನಗುವೋ ಅಳುವೋ ಹೇಳಲಾರೆ. ನನ್ನ ಹೆಂಡತಿಯ ಕಡೆ ತಿರುಗಿ, "ಅತ್ತೆ, ಏನಾದ್ರೂ ಇದ್ರೆ ಕೊಡಿ" ಎಂದ. ಅವಳು ಮೇಲಕ್ಕೆ ಓಡಿದಳು.

ಎಲ್ಲವೂ ಅಲ್ಲಿಗೆ ಸರಿಹೋಯಿತೆಂದು ಬರೆದರೆ ಅದು ನಿಜವಾಗುವುದಿಲ್ಲ. ರೇಡಿಯೋಗೆ ಕೋಪ ಬಂದಿತ್ತು. "ಬೀದಿಗೆಲ್ಲ ನಿನ್ನ ಹೆಸರು ಹೇಳ್ಕೊಂಡು ಬಂದೆನಲ್ಲೋ, ಈಗ ನಾನು ಯಾರಿಗೆ ಮುಖ ತೋರಿಸ್ಲಿ? ಕಲ್ಲು ಅಂದೋನು ನೀನೇ ಅಲ್ವಾ?" ಎಂದು ಸೆರಗಿನಿಂದ ಮೂಗೊರೆಸಿಕೊಂಡು ದೂರ ಹೋಗಿ ಕುಳಿತಳು. ನೆರೆಯವರಲ್ಲಿ ಇಬ್ಬರು ಮೆಲ್ಲಗೆ ಎದ್ದು ಹೊರಟರು. ಬಾಗಿಲ ಬಳಿ ಒಬ್ಬರು ಇನ್ನೊಬ್ಬರಿಗೆ, "ಸಾವಿನ ಮನೇಲಿ ಹೊಟ್ಟೆ ತೋರಿಸ್ಕೊಂಡು ನಿಂತನಲ್ಲ" ಎಂದದ್ದು ಎಲ್ಲರಿಗೂ ಕೇಳಿಸಿತು. ಗುಂಡನಿಗೂ ಕೇಳಿಸಿತು. ಅವನ ಕತ್ತು ಮತ್ತೆ ಬಗ್ಗಿತು. ಕೈ ಮಾತ್ರ ಲೋಟದ ಕಡೆ ಹೋಯಿತು. ಅಷ್ಟು ಜನರ ನಡುವೆ, ಕಣ್ಣಲ್ಲಿ ನೀರು ಇಳಿಯುತ್ತಿರುವಾಗಲೇ, ಒಂದು ಗುಟುಕು ಕುಡಿದು ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡ.

ಅಳಿಯನಿಗೆ ಬ್ರೆಡ್ಡು, ಹಾಲು ಬಂತು. ಅವನೂ ಎಲ್ಲರೆದುರು, ತಲೆಯೆತ್ತದೆ ತಿಂದ. ಅವನು ತಿಂದು ಮುಗಿಸುವವರೆಗೆ ನಾನು ಪ್ರಾರ್ಥನೆ ಆರಂಭಿಸಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಎಲ್ಲರೂ ಎದ್ದು ನಿಂತೆವು. ಬಹಳ ವರ್ಷಗಳಿಂದ ಬಾಯಿಪಾಠವಾಗಿದ್ದ ಮಾತುಗಳು ಆ ದಿನ ನನಗೆ ಒದಗಲಿಲ್ಲ. ಬಂದದ್ದನ್ನು ಹೇಳಿದೆ.

"ತಂದೆಯೇ, ನಿನ್ನ ಮಗಳು ನಿನ್ನ ಬಳಿಗೆ ಬಂದಿದ್ದಾಳೆ. ಹೊರಡುವಾಗ ಯಾರಿಗೂ ಹೇಳಿ ಬರಲು ಅವಳಿಗೆ ಹೊತ್ತು ಸಿಗಲಿಲ್ಲ. ಅವಳ ಗಾಬರಿಯನ್ನು ಶಾಂತಗೊಳಿಸು. ಗಂಡನಿಂದ ಅವಳು ಒಂದು ಸಂಗತಿಯನ್ನು ಮುಚ್ಚಿಟ್ಟಳು. ಇನ್ನೊಬ್ಬನ ಮಾನ ಕಾಯಲು ಮುಚ್ಚಿಟ್ಟಳು, ತನ್ನದಕ್ಕಲ್ಲ. ಅದನ್ನು ಅವಳ ಲೆಕ್ಕಕ್ಕೆ ಹಿಡಿಯಬೇಡ. ದಿನವಿಡೀ ಬಿಸಿಯಲ್ಲಿ ನಿಂತ ಕಾಲುಗಳು ಅವಳವು, ತಂಪಾದ ಎಡೆಯಲ್ಲಿ ಅವಳನ್ನು ಕೂರಿಸು. ಉಳಿದ ನಾವು ಒಬ್ಬರ ಮುಂದೊಬ್ಬರು ನಾಚಿಕೊಂಡು ನಿಂತಿದ್ದೇವೆ. ಆ ನಾಚಿಕೆ ಅವಳ ಕಣ್ಣಿಗೆ ಬೀಳದಿರಲಿ. ನಮ್ಮ ಚಿಂತೆ ಅವಳಿಗೆ ತಟ್ಟದಿರಲಿ. ಅವಳ ಆತ್ಮಕ್ಕೆ ಶಾಂತಿ ಕೊಡು, ದೇವರೇ. ಅವಳಿಗೆ ಶಾಂತಿ ಕೊಡು."